ಮೂರನೆಯ ದಿಬ್ಬದ ಕೆಸು

ಹೊಸಂಗಡಿಯ ಓಣಿಯಲ್ಲಿ ಮೂವತ್ತೊಂದು ವರ್ಷ
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಊರವರ ಗಡಿಯಾರ ಬಿಚ್ಚಿ, ಊದಿ, ಕಟ್ಟಿಕೊಟ್ಟವನು
ನನ್ನ ಗಮಲಿಯೇಲ.
ಗಡಿಯಾರದೊಳಗೆ ಗಡಿ ಇದೆಯೆಂದು
ಅವನಿಗೂ ಹೊಳೆದಿರಲಿಲ್ಲ, ನನಗೂ.

ವಾರಕ್ಕೆರಡು ಸಲ ಅವನ ರಕ್ತ ತೊಳೆಸಲು
ತಲಪಾಡಿ ದಾಟಿ ಹೋಗುತ್ತಿದ್ದೆವು.
ಟಿಕೇಟು ಮಡಚಿ ಬಳೆಯೊಳಗೆ ಸಿಕ್ಕಿಸುವಷ್ಟರಲ್ಲಿ
ಬೇರೆ ರಾಜ್ಯ.
ಮೀನಿನ ಬುಟ್ಟಿ ದಾಟುತ್ತಿತ್ತು, ಮಲ್ಲಿಗೆ ದಾಟುತ್ತಿತ್ತು,
ನಾಯಿಯೊಂದು ಎರಡೂ ಕಡೆಯ ಹೋಟೆಲಿನ ಎಂಜಲು ತಿಂದು
ದಪ್ಪಗಾಗಿತ್ತು.

ಆ ಬೇಸಿಗೆ ರೋಗ ಬಂತು.
ನಮ್ಮ ಕಡೆಗೆ ರೋಗಕ್ಕಿಂತ ಮೊದಲು ಟಿಪ್ಪರ್ ಬಂತು,
ಒಳದಾರಿಗಳ ಬಾಯಿಗೆಲ್ಲ ಕೆಂಪು ಮಣ್ಣು ಸುರಿದು ಹೋಯಿತು.
ಅಂದುಂಞಿ ತನ್ನ ಓಮ್ನಿಯಲ್ಲಿ ನಮ್ಮನ್ನು ಕೂರಿಸಿಕೊಂಡು
ಒಂದು ದಾರಿ, ಇನ್ನೊಂದು ದಾರಿ, ಮತ್ತೊಂದು.
ಎಲ್ಲ ಕಡೆ ಆಳೆತ್ತರ ಮಣ್ಣು.
ಮೂರನೆಯ ದಿಬ್ಬದ ಬುಡದಲ್ಲಿ ಇಳಿದು
'ಪಡೆಚ್ಚೋನೇ' ಎನ್ನುತ್ತ ಬರಿಗೈಯಲ್ಲೇ ಬಗೆಯತೊಡಗಿದ,
ಉಗುರು ಕಿತ್ತು ಬರುವವರೆಗೆ.
ಗಮಲಿಯೇಲ ನನ್ನ ತೊಡೆಯ ಮೇಲಿಂದ
'ಗಂಟೆ ಎಷ್ಟಾಯಿತು?' ಎಂದ.
ಹೇಳಿದೆ.
ಕೇಳಿಸಿಕೊಂಡನೋ ಇಲ್ಲವೋ.

ನಾಲ್ವರು ಹೂಳಿದರು. ಹಾಡಿರಲಿಲ್ಲ.
ಅಯ್ಯನವರು ಫೋನಿನಲ್ಲಿ ಪ್ರಾರ್ಥಿಸಿದರು;
ನಡುವೆ ಸಿಗ್ನಲ್ ಹೋಗಿ
ಆಮೆನ್ ಮಾತ್ರ ಎರಡು ಸಲ ಬಂತು.

ನನ್ನ ಹೆಸರು ತಬಿತಾ.
ಯೊಪ್ಪದಲ್ಲಿ ಸತ್ತು, ಪೇತ್ರ ಕರೆದಾಗ
ಕಣ್ಣು ತೆರೆದು ಎದ್ದು ಕೂತವಳ ಹೆಸರು.
ಬಟ್ಟೆ ಹೊಲಿಯುತ್ತಿದ್ದಳಂತೆ ಅವಳು; ನಾನೂ.
ಹೆಸರಿಟ್ಟ ಅಪ್ಪನ ಮೇಲೆ ಸಿಟ್ಟು ಬಂತು.
ಏಳು ಎಂದು ಯಾರೂ ಕರೆಯದ ಮನೆಯಲ್ಲಿ
ಅತ್ತೆಯ ಕಾಲದ ಬೈಬಲಿನ ಮೇಲೆ
ಅವನ ಮಾತ್ರೆ ಡಬ್ಬ ಹೇರಿಟ್ಟೆ, ತೆರೆಯದ ಹಾಗೆ.

ಇಪ್ಪತ್ತು ದಿನ ಕಳೆದು ರೇಷನ್ ಕಾರ್ಡು ಹುಡುಕುತ್ತ ತೆರೆದರೆ
ಕಾರ್ಡು ಇದ್ದದ್ದು ಎಂಬತ್ತೆಂಟನೆಯ ಕೀರ್ತನೆಯ ಸಂದಿಯಲ್ಲಿ.
ಉಳಿದವು ಎಷ್ಟೇ ಅತ್ತರೂ
ಕೊನೆಗೊಮ್ಮೆ ಮುಖ ತೊಳೆದುಕೊಳ್ಳುತ್ತವೆ.
ಇದು ತೊಳೆದುಕೊಳ್ಳುವುದಿಲ್ಲ.
ಕೂಗುತ್ತದೆ, ಕೂಗುತ್ತದೆ,
ಕತ್ತಲೊಂದೇ ಜೊತೆಗಿರುವುದು ಎಂದು
ಅಲ್ಲಿಗೇ ನಿಲ್ಲುತ್ತದೆ.
ಯಾವ ಅಯ್ಯನವರೂ ಇದರ ಮೇಲೆ ಪ್ರಸಂಗ ಮಾಡಿದ್ದು ನಾನು ಕೇಳಿಲ್ಲ.
ಆದರೂ ಇಷ್ಟು ಶತಮಾನ ಯಾರೂ ಇದನ್ನು ಹರಿದು ತೆಗೆದಿಲ್ಲ!
ಕತ್ತಲಿಗೂ ಒಂದು ಪುಟ ಬಿಟ್ಟುಕೊಟ್ಟ ಪುಸ್ತಕವಾದರೆ
ಇದರೊಳಗೆ ನನಗೂ ಕೂರಲು ಜಾಗ ಉಂಟು.
ಕೂತೆ.

ಆಮೇಲೆ ಆ ಹೆಂಗಸರು.
ಬೆಳಗಿನ ಜಾವ ಸುಗಂಧದೆಣ್ಣೆ ಹಿಡಿದು
ಗೋರಿಯ ಕಡೆ ನಡೆಯುತ್ತ ತಮ್ಮತಮ್ಮಲ್ಲೇ ಕೇಳಿಕೊಂಡರಲ್ಲ,
ಅಷ್ಟು ದೊಡ್ಡ ಕಲ್ಲನ್ನು ಯಾರು ಉರುಳಿಸಿ ಕೊಟ್ಟಾರು ಎಂದು.
ಉತ್ತರ ಗೊತ್ತಿಲ್ಲದೆಯೇ ಮನೆ ಬಿಟ್ಟಿದ್ದರು.
ನನಗೆ ಬೇಕಾದದ್ದು ಅಷ್ಟೇ.
ಕಲ್ಲು ಉರುಳಿದ್ದು ಆಮೇಲಿನ ಸಂಗತಿ.

ಮಳೆ ಹಿಡಿಯಿತು. ಮಣ್ಣನ್ನು ದಾರಿಯಿಂದ ಬದಿಗೆ ದೂಡಿದರಂತೆ.
ಆಟಿ ತಿಂಗಳ ಒಂದು ಸಂಜೆ
ಅಂದುಂಞಿ ಒಂದು ಕಟ್ಟು ಕೆಸುವಿನೆಲೆ ತಂದು
ಜಗಲಿಯಲ್ಲಿಟ್ಟು ಸುಮ್ಮನೆ ನಿಂತ.
'ಎಲ್ಲಿಯದು?'
'ಅಲ್ಲಿಯದೇ, ತಬಿತಕ್ಕ. ಮೂರನೆಯದರದ್ದು.'

ಬಿಸಾಡುವ ಎಂದೆಣಿಸಿದೆ.
ಎಲೆಯ ಮೇಲೆ ನೀರಿನ ಹನಿಯೊಂದು
ಒದ್ದೆಮಾಡದೆ ಉರುಳಾಡುತ್ತಿತ್ತು.
ಅಕ್ಕಿ ನೆನೆಹಾಕಿದೆ.
ಮೆಣಸು, ಕೊತ್ತಂಬರಿ, ಬೆಲ್ಲ, ಹುಣಸೆ;
ನಾರು ಕೆತ್ತಿ, ಎಲೆಯ ಮೇಲೆ ಎಲೆ ಹಚ್ಚಿ, ಸುರುಳಿ ಸುತ್ತಿ
ಹಬೆಗಿಟ್ಟು ಕಾದೆ.

ಇಬ್ಬರೂ ತಿಂದೆವು. ಗಂಟಲು ತುರಿಸಿತು;
ಹುಣಸೆ ಸಾಲಲಿಲ್ಲ.
ಇನ್ನೊಂದು ತುಂಡು ಹಾಕಿಕೊಂಡ.
'ಗಂಟೆ ಎಷ್ಟಾಯಿತು?' ನಾನೇ ಕೇಳಿದ್ದು.
ಗಮಲಿಯೇಲ ಎರಡು ಸಲ ಕಟ್ಟಿಕೊಟ್ಟ ವಾಚನ್ನು
ಬೆಳಕಿಗೆ ಹಿಡಿದು ಹೇಳಿದ.
ಆ ಕೈಯಲ್ಲಿ, ಅಂದು ಕಿತ್ತುಹೋಗಿದ್ದ ಉಗುರು
ಅರ್ಧದಷ್ಟು ಬಂದಿತ್ತು.